ಕಥೆ ಓದುವಾಗ ಕಣ್ಣು ಹಿಂದಿನ ಸಾಲಿಗೆ ಹೋದರೆ ಏನರ್ಥ?

ನೀವು ಕೇಳಿದ್ದು ಇದು: ಕಥೆ ಓದುವಾಗ ನಿಮ್ಮ ಕಣ್ಣು ಮತ್ತೆ ಮತ್ತೆ ಹಿಂದಿನ ಸಾಲಿಗೆ ಹೋಗುತ್ತದೆ, ನಿಮ್ಮ ಅಕ್ಕ ಪುಸ್ತಕ ಮುಗಿಸುವಷ್ಟರಲ್ಲಿ ನೀವು ಅರ್ಧದಲ್ಲಿರುತ್ತೀರಿ. ಕಣ್ಣಿನ ಓಡಾಟ ನೋಡಿ, ಒಬ್ಬರಿಗೆ ಬೇರೆಯವರ ಮನಸ್ಸು ಎಷ್ಟು ಅರ್ಥವಾಗುತ್ತದೆ ಅಂತ ಹೇಳಬಹುದು ಎಂದು ಎಲ್ಲೋ ಓದಿ ಗಾಬರಿಯಾಗಿದ್ದೀರಿ. ಜನರನ್ನು ಅರ್ಥ ಮಾಡಿಕೊಳ್ಳುವುದರಲ್ಲಿ ನೀವು ಹಿಂದೆಯೇ?

ಇಲ್ಲ. ಹಿಂದೆ ಹೋಗುವುದು ಕಾಯಿಲೆಯೂ ಅಲ್ಲ, ದಡ್ಡತನವೂ ಅಲ್ಲ. ಚೆನ್ನಾಗಿ ಓದಬಲ್ಲವರ ಕಣ್ಣೂ ಹಾಗೇ ಮಾಡುತ್ತದೆ. ಇಂಗ್ಲಿಷ್ ಓದುವವರಲ್ಲಿ ಅಳೆದು ನೋಡಿದಾಗ, ಕಣ್ಣಿನ ಜಿಗಿತಗಳಲ್ಲಿ ಸುಮಾರು ನೂರಕ್ಕೆ 10ರಿಂದ 15 ಹಿಂದಕ್ಕೇ ಇರುತ್ತವೆ. ಹೌದು, ಜಿಗಿತ. ಓದುವಾಗ ಕಣ್ಣು ಸಾಲಿನ ಮೇಲೆ ನೀರಿನ ಹಾಗೆ ಹರಿಯುವುದಿಲ್ಲ. ಒಂದು ಕಡೆ ಸುಮಾರು ಕಾಲು ಸೆಕೆಂಡ್ ನಿಲ್ಲುತ್ತದೆ, ಹಾರುತ್ತದೆ, ಮತ್ತೆ ನಿಲ್ಲುತ್ತದೆ. ಇದು 19ನೇ ಶತಮಾನದ ಕೊನೆಯಲ್ಲೇ ಗೊತ್ತಾಗಿತ್ತು.

ನಾನು ಓದುತ್ತಿದ್ದ ಕಾಲದಲ್ಲಿ, ಕಣ್ಣಿನ ಓಡಾಟ ಅಳೆಯುವ ಒಂದು ಲ್ಯಾಬ್‌ನಲ್ಲಿ ಸಹಾಯಕಿಯಾಗಿದ್ದೆ. ಸೇರಿದ ಮೊದಲ ವಾರ ನನ್ನನ್ನೇ ಕೂರಿಸಿದರು. ಗಲ್ಲವನ್ನು ಸ್ಟ್ಯಾಂಡ್ ಮೇಲೆ ಊರಬೇಕು, ಹಣೆಯನ್ನು ಪಟ್ಟಿಗೆ ಒತ್ತಬೇಕು. ಕ್ಯಾಮೆರಾ ಪಕ್ಕದಿಂದ ಕಣ್ಣಿಗೆ ಇನ್‌ಫ್ರಾರೆಡ್ ಬೆಳಕು ಬೀಳುತ್ತದೆ, ಆದರೆ ನಮಗೆ ಕಾಣುವುದಿಲ್ಲ. ಪರದೆಯಲ್ಲಿ ಒಂದೊಂದೇ ಚುಕ್ಕಿ ಬರುತ್ತದೆ, ಅದನ್ನು ನೋಡುತ್ತಾ ಹೋದರೆ ಯಂತ್ರ ನಮ್ಮ ಕಣ್ಣಿಗೆ ಹೊಂದಿಕೊಳ್ಳುತ್ತದೆ. ಕನ್ನಡಕದ ಹೊಳಪು ಬಿದ್ದರೆ ಅಥವಾ ಕಾಡಿಗೆ ಜಾಸ್ತಿ ಇದ್ದರೆ ಎಲ್ಲ ಮತ್ತೆ ಮೊದಲಿಂದ.

ನನಗೆ ಓದಲು ಕೊಟ್ಟದ್ದು ಒಂದು ಪುಟದ ಕಥೆ. ಪಾತ್ರೆಯಲ್ಲಿ ಒಬ್ಬರಿಗಾಗುವಷ್ಟೇ ಅನ್ನ ಉಳಿದಿದೆ. ನಾಲ್ಕು ಸಾಲು ಆದ ಮೇಲೆ ಮಗ ಬರುತ್ತಾನೆ. ತಾಯಿ, "ನಂದು ಊಟ ಆಯ್ತಪ್ಪ, ನೀನು ಉಣ್ಣು" ಅನ್ನುತ್ತಾಳೆ. ಅಷ್ಟೇ. ಓದಿ ಮುಗಿದ ಮೇಲೆ ಪರದೆಯಲ್ಲಿ ನನ್ನ ಕಣ್ಣು ನಿಂತ ಜಾಗಗಳನ್ನು ಸಣ್ಣ ದೊಡ್ಡ ವೃತ್ತಗಳಾಗಿ ತೋರಿಸಿದರು, ಹೆಚ್ಚು ಹೊತ್ತು ನಿಂತಲ್ಲಿ ದೊಡ್ಡ ವೃತ್ತ. "ಊಟ ಆಯ್ತಪ್ಪ" ಮೇಲೆ ಒಂದು ದೊಡ್ಡ ವೃತ್ತ. ಅಲ್ಲಿಂದ ಒಂದು ಗೆರೆ ನೇರ ನಾಲ್ಕು ಸಾಲು ಮೇಲಕ್ಕೆ ಹೋಗಿ "ಅನ್ನ" ಅನ್ನುವ ಪದದ ಮೇಲೆ ನಿಂತಿತ್ತು. ಹಿಂದೆ ಹೋಗಿದ್ದೆ ಅನ್ನುವ ನೆನಪೇ ನನಗಿರಲಿಲ್ಲ. ಅವಳು ಸುಳ್ಳು ಹೇಳುತ್ತಿದ್ದಾಳೆ ಅಂತ ಕಣ್ಣು ಹೋಗಿ ನೋಡಿಕೊಂಡು ಬಂದಿತ್ತು.

ಈ ವಿಷಯದಲ್ಲಿ ನನಗೆ ತುಂಬ ಹಿಡಿಸಿದ ಕೆಲಸ 2019ರಲ್ಲಿ ಪ್ರಕಟವಾಯಿತು. ನೆದರ್‌ಲ್ಯಾಂಡ್ಸ್‌ನ ಮಾರ್ಲೂಸ್ ಮಾಕ್ ಮತ್ತು ರೂಲ್ ವಿಲೆಮ್ಸ್ ಮಾಡಿದ್ದು. 102 ಜನರಿಗೆ ಮೂರು ಸಣ್ಣಕಥೆ ಕೊಟ್ಟು ಕಣ್ಣಿನ ಓಡಾಟ ದಾಖಲಿಸಿದರು. ಕಥೆಯ ಯಾವ ಭಾಗದಲ್ಲಿ ಓಟ, ನಡಿಗೆಯಂಥ ಚಲನೆ ಇದೆ, ಎಲ್ಲಿ ನೋಟ, ಸದ್ದು ಇದೆ, ಎಲ್ಲಿ ಪಾತ್ರದ ಮನಸ್ಸಿನೊಳಗೆ ಹೋಗಬೇಕಾಗುತ್ತದೆ ಅಂತ ಬೇರೆ 90 ಜನರಿಂದ ಮೊದಲೇ ಗುರುತು ಹಾಕಿಸಿದ್ದರು. ಚಲನೆ ಇರುವಲ್ಲಿ ಓದು ಚುರುಕಾಯಿತು. ನೋಟ, ಸದ್ದು ಇರುವಲ್ಲಿ ಮತ್ತು ಮನಸ್ಸಿನೊಳಗೆ ಹೋಗಬೇಕಾದಲ್ಲಿ ನಿಧಾನವಾಯಿತು. ಆದರೆ ಎಲ್ಲರಲ್ಲೂ ಒಂದೇ ಅಳತೆಯಲ್ಲಿ ಅಲ್ಲ. ಆ ವ್ಯತ್ಯಾಸಕ್ಕೂ, ಅವರು ಕಥೆಯಲ್ಲಿ ಎಷ್ಟು ಮುಳುಗಿದರು, ಎಷ್ಟು ಇಷ್ಟಪಟ್ಟರು ಅನ್ನುವುದಕ್ಕೂ ನಂಟಿತ್ತು.

ಗಮನಿಸಿ, ನಂಟು ಸಿಕ್ಕಿದ್ದು ಮುಳುಗುವುದರ ಜೊತೆ, ಮೆಚ್ಚುವುದರ ಜೊತೆ. ನಿಧಾನ ಓದಿದವರು ಜನರನ್ನು ಅರ್ಥ ಮಾಡಿಕೊಳ್ಳಲಾರರು ಅಂತ ಅಲ್ಲಿ ಯಾರೂ ಹೇಳಿಲ್ಲ. ಕಣ್ಣು ಎಲ್ಲಿ ನಿಂತಿತು, ಎಷ್ಟು ಹೊತ್ತು ನಿಂತಿತು ಅಂತ ಯಂತ್ರ ಹೇಳುತ್ತದೆ. ಯಾಕೆ ನಿಂತಿತು ಅಂತ ಹೇಳುವುದಿಲ್ಲ. ಪದ ಕಷ್ಟ ಇದ್ದರೂ ನಿಲ್ಲುತ್ತದೆ, ನಿದ್ದೆ ಬಂದರೂ ನಿಲ್ಲುತ್ತದೆ, ಪಾತ್ರದ ಮೇಲೆ ಮರುಕ ಬಂದರೂ ನಿಲ್ಲುತ್ತದೆ.

ಮನಸ್ಸು ಅರ್ಥ ಮಾಡಿಕೊಳ್ಳುವ ಶಕ್ತಿಯನ್ನು ಅಳೆಯುವುದೂ ಅಷ್ಟು ಸುಲಭ ಅಲ್ಲ. ಬಹಳ ಕಡೆ ಬಳಸುವ ಒಂದು ಪರೀಕ್ಷೆಯಲ್ಲಿ ಬರೀ ಕಣ್ಣುಗಳ 36 ಫೋಟೋ ಇರುತ್ತವೆ. ಪ್ರತಿಯೊಂದಕ್ಕೂ ನಾಲ್ಕು ಪದ ಕೊಟ್ಟು, ಇವರಿಗೆ ಏನನ್ನಿಸುತ್ತಿದೆ ಅಂತ ಕೇಳುತ್ತಾರೆ. ಆ ಪದವೇ ಗೊತ್ತಿಲ್ಲದಿದ್ದರೆ ಅಂಕ ಹೋಯಿತು, ಅಲ್ವಾ? ಸಾಹಿತ್ಯಿಕ ಕಥೆಯ ತುಣುಕು ಓದಿದ ತಕ್ಷಣ ಇಂಥ ಪರೀಕ್ಷೆಯಲ್ಲಿ ಅಂಕ ಏರುತ್ತದೆ ಅಂತ 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದಾಗ ದೊಡ್ಡ ಸುದ್ದಿಯಾಯಿತು. ಆಮೇಲೆ ಬೇರೆಯವರು 2016ರಲ್ಲಿ, ಮತ್ತೆ 2018ರಲ್ಲಿ ಅದನ್ನೇ ಮಾಡಿ ನೋಡಿದರೆ ಅದೇ ಫಲಿತಾಂಶ ಬರಲಿಲ್ಲ. ವರ್ಷಗಟ್ಟಲೆ ಕಥೆ ಓದಿದವರಿಗೆ ಸ್ವಲ್ಪ ಜಾಸ್ತಿ ಅಂಕ ಬರುವುದುಂಟು. ಆದರೆ ಓದಿದ್ದರಿಂದ ಹಾಗಾಯಿತೋ, ಜನರ ಬಗ್ಗೆ ಕುತೂಹಲ ಇರುವವರೇ ಕಥೆ ಜಾಸ್ತಿ ಓದುತ್ತಾರೋ, ಇಷ್ಟರಿಂದಲೇ ಹೇಳುವುದಕ್ಕೆ ಬರುವುದಿಲ್ಲ.

ಸುಮ್ನೆ ಅಕ್ಕನ ವೇಗದ ಜೊತೆ ಹೋಲಿಸಿಕೊಳ್ಳಬೇಡಿ. ಒಂದು ಕೆಲಸ ಮಾಡಿ. ಈ ವಾರ ಓದುವಾಗ ಪೆನ್ಸಿಲ್ ಹಿಡಿದುಕೊಳ್ಳಿ. ಹಿಂದೆ ಹೋಗಿದ್ದು ಗೊತ್ತಾದಾಗ ಎಲ್ಲಿಂದ ಎಲ್ಲಿಗೆ ಹೋದಿರಿ ಅಂತ ಸಣ್ಣ ಗೀಟು ಹಾಕಿ. ಸಾಲು ತಪ್ಪಿ ಹಿಂದೆ ಹೋಗುತ್ತಿದ್ದರೆ ಮೊದಲು ಕಣ್ಣಿನ ಡಾಕ್ಟರ ಹತ್ತಿರ ತೋರಿಸಿ. ಗೀಟುಗಳು ಹೆಚ್ಚಾಗಿ ಯಾರೋ ಏನನ್ನೋ ಮುಚ್ಚಿಟ್ಟು ಮಾತಾಡುವ ಕಡೆ ಬಿದ್ದಿದ್ದರೆ, ಆ ಪುಟಗಳನ್ನು ಅಕ್ಕನಿಗೂ ಓದಲು ಕೊಡಿ. ಆ ಪಾತ್ರ ಯಾಕೆ ಹಾಗೆ ಹೇಳಿತು ಅಂತ ಇಬ್ಬರೂ ಕೂತು ಮಾತಾಡಿ.