ಪ್ರತ್ಯೇಕ ದೇಶ ಮೊದಲ ಬೇಡಿಕೆ ಆಗಿರಲಿಲ್ಲ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಶ್ರೀಲಂಕಾ ತಮಿಳರ ಈಳಂ, ಅಂದರೆ ಪ್ರತ್ಯೇಕ ತಮಿಳು ದೇಶದ, ಹೋರಾಟದ ಬಗ್ಗೆ. ನಾಲ್ಕನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಸರ್, ಶ್ರೀಲಂಕಾದಲ್ಲಿ ತಮಿಳರಿಗೆ ಬೇರೆ ದೇಶ ಬೇಕು ಅಂತ ಶುರು ಮಾಡಿದ್ದು ಪ್ರಭಾಕರನ್ ತಾನೇ? ಒಂದೇ ದೇಶದಲ್ಲಿ ಹೊಂದಿಕೊಂಡು ಹೋಗಬಹುದಿತ್ತಲ್ವಾ? (ಓದುಗರೊಬ್ಬರು, ದಾವಣಗೆರೆ)

ಉತ್ತರ: ಹೊಂದಿಕೊಂಡು ಹೋಗಲು ಇಪ್ಪತ್ತೈದು ವರ್ಷಕ್ಕೂ ಜಾಸ್ತಿ ಪ್ರಯತ್ನ ನಡೆದಿತ್ತು. ಆಗಿನ ನಾಯಕ ಪ್ರಭಾಕರನ್ ಅಲ್ಲ, ಎಸ್.ಜೆ.ವಿ. ಸೆಲ್ವನಾಯಕಂ. ಮೆಲುದನಿಯ ವಕೀಲರು. ಅವರು ಕ್ರೈಸ್ತರು, ಹಿಂದೆ ನಿಂತವರಲ್ಲಿ ಹೆಚ್ಚಿನವರು ಹಿಂದೂಗಳು. ಆದರೂ ಜನ ಅವರನ್ನು ‘ತಂದೈ ಸೆಲ್ವಾ’ ಎಂದೇ ಕರೆದರು. 1949ರಲ್ಲಿ ಅವರು ಕಟ್ಟಿದ ಪಕ್ಷ ಕೇಳಿದ್ದು ಒಕ್ಕೂಟ ವ್ಯವಸ್ಥೆ. ನಮ್ಮಲ್ಲಿ ರಾಜ್ಯಗಳಿವೆಯಲ್ಲ, ಆ ಥರ ಉತ್ತರಕ್ಕೆ ಮತ್ತು ಪೂರ್ವಕ್ಕೆ ತಮ್ಮದೇ ಆಡಳಿತ. ಅಷ್ಟೇ.

1956ರಲ್ಲಿ ಎಸ್.ಡಬ್ಲ್ಯು.ಆರ್.ಡಿ. ಬಂಡಾರನಾಯಕೆ ಸರ್ಕಾರ ಸಿಂಹಳವೊಂದೇ ಆಡಳಿತ ಭಾಷೆ ಎಂಬ ಕಾನೂನು ತಂದಿತು. ಇದು ಬರೀ ಅಭಿಮಾನದ ವಿಷಯ ಅಂದುಕೊಳ್ಳಬೇಡಿ. ತಮಿಳರ ನೆಲೆಯಾದ ಉತ್ತರದ ಜಾಫ್ನಾ ಒಣ ನೆಲ, ಬೇಸಾಯಕ್ಕೆ ಬಾವಿ ನೀರೇ ಗತಿ. ಮಿಷನರಿ ಶಾಲೆಗಳಲ್ಲಿ ಇಂಗ್ಲಿಷ್ ಕಲಿತು ಸರ್ಕಾರಿ ನೌಕರಿ ಹಿಡಿಯುವುದು ಅಲ್ಲಿನ ಮಧ್ಯಮ ವರ್ಗದ ಬದುಕಾಗಿತ್ತು. ಭಾಷೆ ಬದಲಾದರೆ ನೌಕರಿ ಹೋಗುತ್ತದೆ, ನೌಕರಿ ಹೋದರೆ ಒಲೆ ಉರಿಯುವುದಿಲ್ಲ.

ಸೆಲ್ವನಾಯಕಂ ಸತ್ಯಾಗ್ರಹ ಕೂತರು. 1957ರಲ್ಲಿ ಅವರಿಗೂ ಬಂಡಾರನಾಯಕೆ ಅವರಿಗೂ ಒಪ್ಪಂದವಾಯಿತು. ಪ್ರಾದೇಶಿಕ ಮಂಡಳಿಗಳು ಬರಬೇಕಿತ್ತು. ಬೌದ್ಧ ಭಿಕ್ಷುಗಳು ಪ್ರಧಾನಿ ಮನೆ ಮುಂದೆ ಧರಣಿ ಕೂತರು, 1958ರಲ್ಲಿ ಒಪ್ಪಂದ ರದ್ದಾಯಿತು. ಮುಂದಿನ ತಿಂಗಳೇ ಗಲಭೆ. 1965ರಲ್ಲಿ ಇನ್ನೊಂದು ಪಕ್ಷದ ನಾಯಕ ಡಡ್ಲಿ ಸೇನಾನಾಯಕೆ ಜೊತೆ ಇನ್ನೊಂದು ಒಪ್ಪಂದ. ಅದೂ ಕಾಗದದಲ್ಲೇ ಉಳಿಯಿತು. ಒಂದು ಪಕ್ಷ ತಮಿಳರ ಜೊತೆ ಮಾತಿಗೆ ಕೂತರೆ ವಿರೋಧ ಪಕ್ಷ ದೇಶ ಮಾರುತ್ತಿದ್ದಾರೆ ಎಂದು ಕೂಗುತ್ತಿತ್ತು. ತಾನೇ ಅಧಿಕಾರಕ್ಕೆ ಬಂದ ಮೇಲೆ ಅದಕ್ಕೂ ಅದೇ ಗತಿ.

1971ರ ಹೊತ್ತಿಗೆ ವಿಶ್ವವಿದ್ಯಾಲಯ ಪ್ರವೇಶದ ನಿಯಮ ಬದಲಾಯಿತು. ವೈದ್ಯಕೀಯ, ಎಂಜಿನಿಯರಿಂಗ್ ಸೀಟಿಗೆ ತಮಿಳು ಮಾಧ್ಯಮದವರು ಸಿಂಹಳ ಮಾಧ್ಯಮದವರಿಗಿಂತ ಹೆಚ್ಚು ಅಂಕ ತೆಗೆಯಬೇಕಾಯಿತು. ಹುಡುಗರು ಹಿರಿಯರ ಮಾತು ಕೇಳುವುದನ್ನು ಬಿಟ್ಟದ್ದು ಇಲ್ಲಿಂದ ಅಂತ ನನ್ನ ಅನಿಸಿಕೆ. 1972ರ ಸಂವಿಧಾನ ಬೌದ್ಧ ಧರ್ಮಕ್ಕೆ ಅಗ್ರಸ್ಥಾನ ಕೊಟ್ಟಿತು. ಸೆಲ್ವನಾಯಕಂ ಸಂಸತ್ತಿಗೆ ರಾಜೀನಾಮೆ ಕೊಟ್ಟರು. ಉಪಚುನಾವಣೆಯನ್ನು 1975ರವರೆಗೆ ಎಳೆದರು. ಅವರು ಗೆದ್ದರು, ಇನ್ನು ಪ್ರತ್ಯೇಕ ದೇಶವೇ ದಾರಿ ಎಂದರು. 1976ರ ಮೇ 14ರಂದು ವಟ್ಟುಕೋಟ್ಟೈ ಎಂಬ ಊರಿನಲ್ಲಿ ಆ ನಿರ್ಣಯವಾಯಿತು. ಮರುವರ್ಷ ಅದನ್ನೇ ಮುಂದಿಟ್ಟುಕೊಂಡು ಅವರ ತಮಿಳು ಪಕ್ಷಗಳ ಕೂಟ ಸಂಸತ್ತಿನಲ್ಲಿ 18 ಸ್ಥಾನ ಗೆದ್ದಿತು. ಆ ಕೂಟದ ಅಪ್ಪಾಪಿಳ್ಳೈ ಅಮೃತಲಿಂಗಂ ವಿರೋಧ ಪಕ್ಷದ ನಾಯಕರಾದರು. ಸೆಲ್ವನಾಯಕಂ ಅದನ್ನು ನೋಡಲು ಇರಲಿಲ್ಲ.

ಪ್ರಭಾಕರನ್ ಎಲ್‌ಟಿಟಿಇ ಎಂಬ ಸಶಸ್ತ್ರ ಸಂಘಟನೆ ಕಟ್ಟಿದ್ದು ಆ ನಿರ್ಣಯಕ್ಕೆ ಒಂಬತ್ತು ದಿನ ಮೊದಲು. ಆಗ ಆತನಿಗೆ 21 ವರ್ಷ.

ಒಂದು ಅಡ್ಡ ಮಾತು. ನಮ್ಮ ಪಕ್ಕದ ಮದ್ರಾಸಿನಲ್ಲೂ ‘ದ್ರಾವಿಡ ನಾಡು’ ಬೇಕೆಂಬ ಕೂಗಿತ್ತು. ಅದರ ನಕ್ಷೆಯಲ್ಲಿ ಕನ್ನಡ ನಾಡೂ ಇತ್ತು, ನಮ್ಮವರನ್ನು ಯಾರೂ ಕೇಳಿರಲಿಲ್ಲ ಅನ್ನಿ! 1963ರಲ್ಲಿ ಡಿಎಂಕೆ ಆ ಬೇಡಿಕೆ ಕೈಬಿಟ್ಟಿತು. ನಾಲ್ಕೇ ವರ್ಷಕ್ಕೆ ಅಣ್ಣಾದೊರೈ ಮುಖ್ಯಮಂತ್ರಿ. ಅವರಿಗೆ ಗೆಲ್ಲಲು ಒಂದು ವಿಧಾನಸಭೆ ಇತ್ತು. ಸೆಲ್ವನಾಯಕಂ ಅವರಿಗೆ ಅದು ಇರಲಿಲ್ಲ.

ಪ್ರಶ್ನೆ: ನಮ್ಮ ಕಡೆ ರಬ್ಬರ್ ತೋಟಗಳಲ್ಲಿ ಸಿಲೋನಿನಿಂದ ಬಂದ ತಮಿಳರಿದ್ದಾರೆ. ಅವರೂ ಈಳಂ ಕೇಳಿ ಓಡಿ ಬಂದವರೇ? (ಓದುಗರೊಬ್ಬರು, ಸುಳ್ಯ)

ಉತ್ತರ: ಅಲ್ಲ. ದಯವಿಟ್ಟು ಇಬ್ಬರನ್ನೂ ಒಂದೇ ಅಂದುಕೊಳ್ಳಬೇಡಿ. ಜಾಫ್ನಾ, ಬಟ್ಟಿಕಲೋವಾ ಕಡೆಯವರು ನೂರಾರು ವರ್ಷಗಳಿಂದ ಅಲ್ಲಿಯವರೇ. ನಿಮ್ಮ ಊರಿನವರ ಅಜ್ಜ, ಮುತ್ತಜ್ಜಂದಿರು ಬ್ರಿಟಿಷರ ಕಾಲದಲ್ಲಿ ತಮಿಳುನಾಡಿನಿಂದ ಕಾಫಿ, ಟೀ ತೋಟದ ಕೂಲಿಗೆ ಹೋದವರು. 1948ರಲ್ಲಿ ಸ್ವತಂತ್ರ ಸಿಲೋನ್ ತಂದ ಪೌರತ್ವ ಕಾನೂನಿನಿಂದ ಅವರಲ್ಲಿ ಹೆಚ್ಚಿನವರಿಗೆ ಯಾವ ದೇಶವೂ ಇಲ್ಲದಂತಾಯಿತು. 1964ರಲ್ಲಿ ನಮ್ಮ ಪ್ರಧಾನಿ ಶಾಸ್ತ್ರಿ ಮತ್ತು ಸಿಲೋನ್ ಪ್ರಧಾನಿ ಸಿರಿಮಾವೊ ಬಂಡಾರನಾಯಕೆ ಕೂತು ಲೆಕ್ಕ ಹಾಕಿದರು: 5,25,000 ಜನ ಭಾರತಕ್ಕೆ, 3,00,000 ಜನ ಸಿಲೋನಿಗೆ. ಆ ಜನರನ್ನು ಯಾರೂ ಕೇಳಲಿಲ್ಲ. ಹಾಗೆ ಬಂದ ಕೆಲವರಿಗೆ ಸುಳ್ಯ, ಪುತ್ತೂರು ಕಡೆ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಕೆಲಸ ಸಿಕ್ಕಿತು.

ತೋಟದ ತಮಿಳರಿಗೆ ಬೇಕಾಗಿದ್ದು ಪೌರತ್ವ ಮತ್ತು ಕೂಲಿ. ಅವರಿದ್ದದ್ದು ದ್ವೀಪದ ನಡುವಿನ ಗುಡ್ಡಗಾಡಿನಲ್ಲಿ, ಈಳಂ ನಕ್ಷೆಯ ಹೊರಗೆ. ಅವರ ನಾಯಕ ತೊಂಡಮಾನ್ ಈಳಂ ಬೇಡಿಕೆಯಿಂದ ದೂರ ಸರಿದು ಜಯವರ್ಧನೆ ಸರ್ಕಾರದಲ್ಲಿ ಮಂತ್ರಿಯಾದರು. ಆದರೆ ಗಲಭೆಯಾದಾಗ ಹೊಡೆಯುವವರು ಈ ವ್ಯತ್ಯಾಸ ನೋಡುತ್ತಿರಲಿಲ್ಲ.

ಪ್ರಶ್ನೆ: ನಮ್ಮ ಮನೆ ಕೋಣನಕುಂಟೆ ಹತ್ತಿರ. ರಾಜೀವ್ ಗಾಂಧಿ ಹಂತಕರು ಸಿಕ್ಕಿದ ಕಥೆ ಕೇಳುತ್ತಾ ಬೆಳೆದವಳು ನಾನು. ಅಷ್ಟು ಬೆಂಬಲವಿದ್ದ ಹೋರಾಟ ಕೊನೆಗೆ ಯಾಕೆ ಸೋತಿತು? (ಓದುಗರೊಬ್ಬರು, ಬೆಂಗಳೂರು)

ಉತ್ತರ: ಬೆಂಗಳೂರಿಗೆ ಈ ಕಥೆಯ ಎರಡು ತುದಿಯೂ ಗೊತ್ತು. 1983ರ ಜುಲೈನಲ್ಲಿ ಎಲ್‌ಟಿಟಿಇ 13 ಸೈನಿಕರನ್ನು ಕೊಂದ ಮೇಲೆ ಕೊಲಂಬೊದಲ್ಲಿ ಸಿಂಹಳ ಗುಂಪುಗಳು ಮತದಾರರ ಪಟ್ಟಿ ಹಿಡಿದು ತಮಿಳರ ಮನೆಗಳನ್ನು ಹುಡುಕಿ ಸುಟ್ಟರು. ಭಾರತದ ಮನಸ್ಸೆಲ್ಲ ತಮಿಳರ ಕಡೆಗಿತ್ತು. 1987ರ ಜೂನ್‌ನಲ್ಲಿ ಜಾಫ್ನಾ ಮೇಲೆ ಆಹಾರದ ಮೂಟೆ ಹಾಕಿದ ನಮ್ಮ ವಿಮಾನಗಳು ಹಾರಿದ್ದು ಬೆಂಗಳೂರಿನಿಂದ. ನಾಲ್ಕೇ ವರ್ಷ. 1991ರ ಆಗಸ್ಟ್ 20ರ ಬೆಳಗಿನ ಜಾವ ನಿಮ್ಮ ಕೋಣನಕುಂಟೆಯ ಒಂದು ಮನೆಗೆ ಕಮಾಂಡೊಗಳು ನುಗ್ಗಿದಾಗ ರಾಜೀವ್ ಹತ್ಯೆಯ ತಂಡ ನಡೆಸಿದ ಎಲ್‌ಟಿಟಿಇಯ ಶಿವರಾಸನ್ ಸೇರಿ ಏಳು ಜನ ಸತ್ತು ಬಿದ್ದಿದ್ದರು. ನಡುವೆ ಭಾರತದ ಶಾಂತಿ ಪಡೆ ಹೋಗಿ, ಎಲ್‌ಟಿಟಿಇ ಜೊತೆಗೇ ಯುದ್ಧಕ್ಕಿಳಿದು, ಸುಮಾರು 1,200 ಯೋಧರನ್ನು ಕಳೆದುಕೊಂಡಿತ್ತು.

ನನ್ನ ಮಟ್ಟಿಗೆ ದೊಡ್ಡ ಕಾರಣ ಇನ್ನೊಂದು. ಎಲ್‌ಟಿಟಿಇ ತನ್ನವರನ್ನೇ ಮುಗಿಸಿತು. 1986ರಲ್ಲಿ ಟೆಲೊ ಎಂಬ ಇನ್ನೊಂದು ತಮಿಳು ಸಂಘಟನೆಯ ಹುಡುಗರನ್ನು ಬೀದಿಯಲ್ಲಿ ಕೊಂದಿತು. 1989ರಲ್ಲಿ ಅಮೃತಲಿಂಗಂ ಅವರನ್ನೇ ಗುಂಡಿಟ್ಟು ಕೊಂದರು. ಹೌದು, ಈಳಂ ಹೆಸರಲ್ಲಿ ಚುನಾವಣೆ ಗೆದ್ದ ಅದೇ ಅಮೃತಲಿಂಗಂ. 1990ರಲ್ಲಿ ಉತ್ತರದ ಮುಸ್ಲಿಮರನ್ನು ಊರು ಬಿಡಿಸಿತು. ಅವರ ಮನೆಮಾತೂ ತಮಿಳೇ. ಮಾತುಕತೆ ಬಲ್ಲ ಹಿರಿಯರನ್ನು ಒಬ್ಬೊಬ್ಬರಾಗಿ ಕಳೆದುಕೊಂಡ ಮೇಲೆ ಉಳಿದದ್ದು ಬಂದೂಕು ಮಾತ್ರ. 2002ರ ಕದನ ವಿರಾಮವೂ ದಕ್ಕಲಿಲ್ಲ. 2004ರಲ್ಲಿ ಪೂರ್ವದ ಕಮಾಂಡರ್ ಕರುಣಾ ಒಡೆದು ಹೋದ. 2009ರ ಮೇನಲ್ಲಿ ಮುಳ್ಳಿವಾಯ್ಕಾಲ್‌ನ ಸಣ್ಣ ಮರಳು ಪಟ್ಟಿಯ ಮೇಲೆ ಎಲ್ಲ ಮುಗಿಯಿತು. ಅಲ್ಲಿ ಸಿಕ್ಕಿಕೊಂಡಿದ್ದ ಜನರ ಮೇಲೆ ಸೇನೆ ಶೆಲ್ ಹಾಕಿತು, ತಪ್ಪಿಸಿಕೊಳ್ಳಲು ಹೋದವರ ಮೇಲೆ ಎಲ್‌ಟಿಟಿಇ ಗುಂಡು ಹಾರಿಸಿತು. ಕೊನೆಯ ತಿಂಗಳುಗಳಲ್ಲಿ ಸತ್ತ ನಾಗರಿಕರು 40,000ದವರೆಗೂ ಇರಬಹುದು ಎಂದು ವಿಶ್ವಸಂಸ್ಥೆಯ ತಜ್ಞರ ಸಮಿತಿ 2011ರಲ್ಲಿ ಹೇಳಿತು. ಸರ್ಕಾರ ಅದನ್ನು ಒಪ್ಪಲಿಲ್ಲ.

ಪ್ರಶ್ನೆ: ಈಗಲೂ ಯಾರಾದರೂ ಈಳಂ ಕೇಳುತ್ತಾರಾ? (ಓದುಗರೊಬ್ಬರು, ಧಾರವಾಡ)

ಉತ್ತರ: ಹೊರದೇಶಗಳಲ್ಲಿ ನೆಲೆಸಿದವರು ಕೇಳುತ್ತಾರೆ. 2010ರಲ್ಲಿ ಅವರು ದೇಶವಿಲ್ಲದ ಒಂದು ಈಳಂ ಸರ್ಕಾರವನ್ನೇ ಕಟ್ಟಿಕೊಂಡರು. ದ್ವೀಪದಲ್ಲಿ ಹಾಗೆ ಕೇಳಿದರೆ ಸಂಸತ್ತಿನಲ್ಲಿ ಇರುವಂತಿಲ್ಲ. ಸಂವಿಧಾನದ 1983ರ ತಿದ್ದುಪಡಿ ಹಾಗಿದೆ. ಅಲ್ಲಿಯ ಜನ ಕೇಳುವುದು ಸೇನೆ ಹಿಡಿದಿಟ್ಟ ಜಮೀನು, ಕಾಣೆಯಾದ ಮಕ್ಕಳ ಲೆಕ್ಕ. 2024ರಲ್ಲಿ ಜಾಫ್ನಾದಲ್ಲೇ ಸಿಂಹಳರು ಹೆಚ್ಚಿರುವ ದಕ್ಷಿಣದ ಎನ್‌ಪಿಪಿ ಮೈತ್ರಿಕೂಟ ಆರರಲ್ಲಿ ಮೂರು ಸ್ಥಾನ ಗೆದ್ದಿತು. ತಮಿಳು ಪಕ್ಷಗಳ ಒಳಜಗಳ ಜನರಿಗೆ ಸಾಕಾಗಿತ್ತು.

ಇನ್ನು 1957ರಲ್ಲಿ ಮಾತಾಡಿದ್ದ ಆ ಪ್ರಾದೇಶಿಕ ಮಂಡಳಿ? 1987ರ ಭಾರತ-ಲಂಕಾ ಒಪ್ಪಂದದ ಫಲವಾಗಿ ಅದು ಪ್ರಾಂತೀಯ ಮಂಡಳಿ ಎಂಬ ಹೆಸರಲ್ಲಿ ಕಾನೂನಿಗೆ ಬಂತು. ಉತ್ತರ ಪ್ರಾಂತ್ಯದ ಜನ ಅದಕ್ಕೆ ಮತ ಹಾಕಿದ್ದು 2013ರಲ್ಲಿ. 2018ರಲ್ಲಿ ಅವಧಿ ಮುಗಿಯಿತು. ಆಮೇಲೆ ಒಂದಾದ ಮೇಲೊಂದು ಸರ್ಕಾರ ಚುನಾವಣೆಯನ್ನು ಮುಂದೆ ಹಾಕುತ್ತಲೇ ಬಂದಿದೆ.