ಹುಲ್ಲುಗಾವಲಿನ ವಾನುಸ್ಕೇವಿನ್

ಪ್ರಶ್ನೆ: ಕೆನಡಾದ ಸಾಸ್ಕಟೂನ್‌ನಲ್ಲಿರುವ ಮಗಳ ಮನೆಗೆ ಜೂನ್‌ನಲ್ಲಿ ಹೋಗಲಿದ್ದೇವೆ. ಅಲ್ಲಿನ ಮೂಲನಿವಾಸಿಗಳ ವಾನುಸ್ಕೇವಿನ್ ಪಾರಂಪರಿಕ ಉದ್ಯಾನವನ್ನು ನೋಡಲೇಬೇಕೆಂಬುದು ಅವಳ ಒತ್ತಾಯ. ಅಲ್ಲಿ ನೋಡುವಂಥದ್ದೇನಿದೆ?
— ಓದುಗರೊಬ್ಬರು, ಮಂಡ್ಯ

ಉತ್ತರ: ಮೈಸೂರಿನ ಅರಮನೆ, ಮೇಲುಕೋಟೆಯ ಗೋಪುರಗಳನ್ನು ಕಂಡು ಬೆಳೆದ ನಮ್ಮ ಕಣ್ಣಿಗೆ ಅಲ್ಲಿ ಮೊದಲು ಬರೀ ಹುಲ್ಲು ಬಯಲೇ ಕಂಡೀತು, ಅವಸರ ಮಾಡಬೇಡಿ. ಓಪಿಮಿಹಾ ತೊರೆಯು ಸೌತ್ ಸಾಸ್ಕಾಚೆವಾನ್ ನದಿಯನ್ನು ಸೇರುವ ಆ ಕಣಿವೆಯಲ್ಲಿ ಬಯಲುಸೀಮೆಯ ಮೂಲನಿವಾಸಿಗಳು 6,000 ವರ್ಷಗಳಿಗೂ ಹೆಚ್ಚು ಕಾಲದಿಂದ ಕೂಡುತ್ತಿದ್ದರು. ಬೈಸನ್ ಎಂಬ ಕಾಡುದನಗಳ ಹಿಂಡನ್ನು ಕಡಿದಾದ ದಂಡೆಯತ್ತ ಅಟ್ಟಿ, ಕೆಳಕ್ಕೆ ಬೀಳುವಂತೆ ಮಾಡಿ ಬೇಟೆಯಾಡುತ್ತಿದ್ದ ಜಾಗಗಳೂ, ಕಲ್ಲುಗಳನ್ನು ಜೋಡಿಸಿದ ಪುರಾತನ ಚಕ್ರವೂ ಅಲ್ಲಿವೆ.

ನನಗೆ ಎಲ್ಲಕ್ಕಿಂತ ಸೋಜಿಗವೆನಿಸುವುದು ಇತ್ತೀಚಿನ ಸಂಗತಿ. ನಮ್ಮ ಬಂಡೀಪುರದ ಕಾಟಿಗೆ ದೂರದ ನೆಂಟನೆನ್ನಬಹುದಾದ ಬೈಸನ್‌ಗಳು ಶತಮಾನಕ್ಕೂ ಮೀರಿದ ಅಗಲಿಕೆಯ ನಂತರ 2019ರಲ್ಲಿ ಅಲ್ಲಿಗೆ ಮರಳಿದವು. ಮರುವರ್ಷವೇ ಅವು ಮಣ್ಣಿನಲ್ಲಿ ಹೊರಳಾಡಿದ ಜಾಗದಲ್ಲಿ, ಪುರಾತನ ಕೆತ್ತನೆಗಳಿರುವ ಬಂಡೆಗಳು ಹೊರಬಿದ್ದವು.

ಬಯಲಿನಲ್ಲಿ ನೆರಳು ಕಡಿಮೆಯಾದ್ದರಿಂದ ಬೆಳಿಗ್ಗೆಯೇ ನಡೆಯಲು ಹೊರಡಿ. ಚಕ್ರದ ಕಲ್ಲುಗಳನ್ನು ಮುಟ್ಟಬೇಡಿ. ಅದು ಅವರಿಗೆ ಇಂದಿಗೂ ಪವಿತ್ರ ಸ್ಥಳ.