100 ವ್ಯಾಟ್ ಟಾರ್ಚ್ ಹತ್ತೇ ನಿಮಿಷಕ್ಕೆ ಮಂಕಾಗುವುದು

ನಿಮ್ಮ 100 ವ್ಯಾಟ್ ಟಾರ್ಚ್ ಹತ್ತೇ ನಿಮಿಷಕ್ಕೆ ಮಂಕಾಗುತ್ತೆ, ಯಾಕೆ ಅಂತ ಕೇಳಿದ್ದೀರಿ. ಡಬ್ಬಿ ಮೇಲಿನ ‘100 ವ್ಯಾಟ್’ ಅನ್ನೋದೇ ಸುಳ್ಳಿರಬೇಕು. ಒಳಗಿರೋದು ಒಂದೇ 18650 ಸೆಲ್ (ಚಾರ್ಜ್ ಮಾಡುವ ಉದ್ದನೆ ಲಿಥಿಯಂ ಸೆಲ್) ಅಂದಿದ್ದೀರಿ. ಒಳ್ಳೆ ಸೆಲ್ ಆದರೂ 3.6 ವೋಲ್ಟ್, ಹೆಚ್ಚೆಂದರೆ 3500 ಎಂಎಎಚ್ ಆಸುಪಾಸು. ಅಂದರೆ ಸುಮಾರು 12.6 ವ್ಯಾಟ್-ಗಂಟೆ. ನಿಜಕ್ಕೂ 100 ವ್ಯಾಟ್ ಎಳೆದರೆ ಏಳೆಂಟು ನಿಮಿಷಕ್ಕೆ ಖಾಲಿ. ಸೆಲ್ ಮೇಲೆ 9900 ಎಂಎಎಚ್ ಅಂತ ಬರೆದಿದ್ದರೆ ಅದೂ ಬರೀ ಅಂಟಿಸಿದ ಚೀಟಿ.

ಮೊದಲು ಒಂದು ಪರೀಕ್ಷೆ ಮಾಡಿ. ಮಂಕಾದಾಗ ತಲೆಭಾಗ ಮುಟ್ಟಿ ನೋಡಿ. ಬಿಸಿಯಿದ್ದು, ತಣ್ಣಗಾದ ಮೇಲೆ ಮತ್ತೆ ಪೂರ್ತಿ ಬೆಳಗಿದರೆ ಕಾವಿನ ಸಮಸ್ಯೆ. ತಣ್ಣಗಾದರೂ ಮಂಕಾಗೇ ಇದ್ದರೆ ಬಹುಶಃ ಸೆಲ್ ಸೋತಿದೆ, ಸೆಲ್ ಮಾತ್ರ ಬದಲಿಸಿದರೆ ಸಾಕಾಗಬಹುದು.

ಹೊಸದೇ ತಗೊಳ್ಳೋದಾದರೆ ವ್ಯಾಟ್ ಬಿಟ್ಟು ಲುಮೆನ್ (ಒಟ್ಟು ಬೆಳಕಿನ ಅಳತೆ), ಮೀಟರ್ (ಬೆಳಕು ಹೋಗುವ ದೂರ), ಎಷ್ಟು ಹೊತ್ತು ಉರಿಯುತ್ತೆ ಇವನ್ನು ನೋಡಿ. 5 ವ್ಯಾಟಿನ ಒಳ್ಳೆ ಎಲ್ಇಡಿ ಸುಮಾರು 500 ಲುಮೆನ್ ಕೊಡುತ್ತೆ. ಗಂಗಾವತಿ ಕಡೆ ರಾತ್ರಿ ಗದ್ದೆಗೆ ನೀರು ಕಟ್ಟೋಕೆ ಅಷ್ಟು ಧಾರಾಳ. ಮೀಟರ್ ಲೆಕ್ಕ ಬೀಳುವ ಬೆಳಕು 0.25 ಲಕ್ಸ್‌ಗೆ ಇಳಿಯುವ ದೂರ, ಅಂದರೆ ಅಲ್ಲಿ ಹುಣ್ಣಿಮೆ ಬೆಳದಿಂಗಳಷ್ಟೇ ಬೆಳಕು. ಹಾಗಾಗಿ ಬರೆದದ್ದರ ಅರ್ಧ ಮಾತ್ರ ನಂಬಿ.

ಹಳದಿ ಪಟ್ಟಿಯಂಥ ಸಿಓಬಿ ಎಲ್ಇಡಿ ಹತ್ತಿರಕ್ಕೆ ಅಗಲವಾಗಿ ಹರಡುತ್ತೆ, ದೂರ ಹೋಗಲ್ಲ. ಕಾಲುವೆ ಆಚೆ ದಡ ಕಾಣಬೇಕಾದರೆ ಆಳವಾದ ಪ್ರತಿಫಲಕದೊಳಗೆ ಒಂದೇ ಸಣ್ಣ ಎಲ್ಇಡಿ ಇರೋದು ಬೇಕು. ಬದುವಿನ ಮೇಲೆ ಹಾವು ಗುರುತಿಸೋಕೆ ನೀಲಿ ಬಿಳುಪಿಗಿಂತ 5000 ಕೆಲ್ವಿನ್ (ಹಗಲಿನಂಥ ಬಿಳಿ) ಬೆಳಕು ಮೇಲು ಅನ್ನೋದು ನನ್ನ ಅಭಿಪ್ರಾಯ. ನೀರು ತಡೆಯುವ ಗುರುತೂ ನೋಡಿ: ಐಪಿಎಕ್ಸ್4 ತುಂತುರಿಗಷ್ಟೇ, ಕಾಲುವೆಗೆ ಬಿದ್ದರೂ ಉಳೀಬೇಕಂದ್ರೆ ಐಪಿಎಕ್ಸ್7 ಕೇಳಿ.